ಕೆಳಗೆ ಅಂಗಡಿ, ಮೇಲೆ ಮನೆ: ಪೇಟೆ ಬೀದಿಯ ಹಳೆ ಕಟ್ಟಡ ಕೊಳ್ಳುವ ಮುನ್ನ

ಪೇಟೆ ಬೀದಿಯಲ್ಲಿ ಕೆಳಗೆ ಎರಡು ಅಂಗಡಿ, ಮೇಲೆ ಮನೆ ಇರುವ ಹಳೆ ಕಟ್ಟಡ ಮಾರಾಟಕ್ಕೆ ಬಂದರೆ ಕೊಳ್ಳುವವರು ಮೊದಲು ನೋಡುವುದು ಗೋಡೆಯ ಬಿರುಕನ್ನು. ಗೋಡೆ ರಿಪೇರಿ ಮಾಡಿಸಬಹುದು. ಷಟರಿನ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲು ವಿಚಾರಿಸಿ.

ಬಾಡಿಗೆದಾರರಿದ್ದರೆ ಕರಾರು, ಅಡ್ವಾನ್ಸ್, ಈಗಿನ ಬಾಡಿಗೆ ಮೂರನ್ನೂ ಅವರನ್ನೇ ಕೇಳಿ, ಬರೆಸಿಕೊಳ್ಳಿ. ಅಡ್ವಾನ್ಸ್ ಹಿಂತಿರುಗಿಸುವ ಹೊಣೆ ನಿಮ್ಮ ಹೆಗಲಿಗೆ ಬರುವುದರಿಂದ ಅಷ್ಟನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಟೇಪು ಹಿಡಿದು ಮಳಿಗೆ ಅಳೆಯಿರಿ. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ಮಳಿಗೆಯಾದರೆ ಬಾಡಿಗೆದಾರರಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಸಿಗಬಹುದು. ಆಗ ತೆರವು ವರ್ಷಗಟ್ಟಲೆ ಎಳೆಯುತ್ತದೆ. ಈ ಒಂದು ವಿಷಯಕ್ಕೇ ವಕೀಲರಿಗೆ ಫೀಸು ಕೊಟ್ಟರೂ ನಷ್ಟವಿಲ್ಲ.

ಆಮೇಲೆ ಕಾಗದಪತ್ರ: ಕನಿಷ್ಠ 30 ವರ್ಷದ ಋಣಭಾರ ಪತ್ರ (ಇ.ಸಿ.), ಇ-ಖಾತೆ, ವಂಶವೃಕ್ಷ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. 'ಅಕ್ಕನದೇನೂ ತಕರಾರಿಲ್ಲ' ಎಂಬ ಮಾತು ನಂಬಿ ಸಂಚಕಾರ ಕೊಡಬೇಡಿ, ಅಕ್ಕನ ಸಹಿ ಇರಲಿ. ನಗರ ಯೋಜನಾ ಪ್ರಾಧಿಕಾರದಲ್ಲಿ ರಸ್ತೆ ಅಗಲೀಕರಣದ ಗೆರೆಯನ್ನೂ ನೋಡಿ. ಮುಂದಿನ ಹತ್ತು ಅಡಿ ಹೋದರೆ ಅಂಗಡಿಯೇ ಹೋದಂತೆ.

ಕಟ್ಟಡದ ಗಟ್ಟಿತನವನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅದೂ ಸಾಲು ಅಂಗಡಿಗಳಿದ್ದ ಕಟ್ಟಡವೇ. ಮದ್ರಾಸ್ ತಾರಸಿಯಾದರೆ ಮರದ ತೊಲೆ ಗೋಡೆಯೊಳಗೆ ಸೇರುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಹೋದರೆ ಗೆದ್ದಲೋ ತೇವವೋ ತಿಂದಿದೆ ಎಂದೇ ಅರ್ಥ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಸಬೇಡಿ, ತೇವ ಒಳಗೇ ಉಳಿದು ಗಿಲಾವು ಉಬ್ಬಿ ಉದುರುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ.

ಆದಾಯ ಹೆಚ್ಚಿಸುವುದು ಮೆಟ್ಟಿಲು. ಎಷ್ಟೋ ಹಳೆ ಕಟ್ಟಡಗಳಲ್ಲಿ ಮಹಡಿಗೆ ಅಂಗಡಿಯೊಳಗಿಂದಲೇ ದಾರಿ. ಹೀಗಾಗಿ ಮೇಲಿನ ಮನೆ ಖಾಲಿ ಬಿದ್ದು ಗೋಣಿಚೀಲ, ರಟ್ಟಿನ ಡಬ್ಬಿಗಳ ಗೋದಾಮಾಗಿರುತ್ತದೆ. ಅಂಗಡಿಯ ಒಂದು ಬದಿಯಲ್ಲಿ ಮೂರೂವರೆ ಅಡಿ ಬಿಟ್ಟುಕೊಟ್ಟು ಬೀದಿಗೇ ಬಾಗಿಲು ತೆರೆಯುವ ಮೆಟ್ಟಿಲು ಹಾಕಿಸಿ. ಮಹಡಿಗೆ ಬೇರೆ ವಿದ್ಯುತ್ ಮೀಟರ್, ಬೇರೆ ನೀರಿನ ಪೈಪು, ಶೌಚಾಲಯ ಕೊಡಿಸಿ. ಆಗ ಸಂಸಾರಸ್ಥರೂ ಬರುತ್ತಾರೆ, ಟ್ಯೂಷನ್ ನಡೆಸುವವರೂ ಕೇಳುತ್ತಾರೆ. ಗೋಡೆ ಒಡೆಯುವ ಮುನ್ನ ನಗರಸಭೆಯ ಅನುಮತಿ ಪಡೆಯಿರಿ.

ಖರ್ಚಿನ ಲೆಕ್ಕಕ್ಕೆ ಬೆಲೆಯೊಂದೇ ಸಾಲದು. ಇಂಥ ಆಸ್ತಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್; ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು.

ಒಂದು ಮಾತು ಉಳಿಯಿತು. ಜೋರು ಮಳೆ ಬಂದ ದಿನ ಮತ್ತೊಮ್ಮೆ ಹೋಗಿ ಮಹಡಿಯ ಸೂರು ನೋಡಿ ಬನ್ನಿ. ಸಂಚಕಾರ ಅದಾದ ಮೇಲೆ ಕೊಡಿ.