ಮೊಪೆಡ್ ಗಾಡಿಗೆ ಕಿಡಿ ಯಾಕೆ ಬರಲ್ಲ?

1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50 ಬಂದ ಮೇಲೆ ಪೆಡಲ್ ಇರುವ ಸಣ್ಣ ಗಾಡಿಗಳು ಹಳ್ಳಿ ಹಳ್ಳಿಗೂ ಬಂದವು. ನಮ್ಮ ಗಾಂಧಿನಗರದ ಕಡೆ ಒಂದೆರಡು ಇನ್ನೂ ಓಡುತ್ತವೆ. ಇವಕ್ಕೆ ಬರುವ ದೊಡ್ಡ ಕಾಯಿಲೆ ಕಿಡಿಯದು.

ಈ ಹಳೇ ಗಾಡಿಗಳಲ್ಲಿ ಕಿಡಿಗೆ ಬ್ಯಾಟರಿ ಬೇಕಿಲ್ಲ. ಎಂಜಿನ್ನಿನ ಚಕ್ರದೊಳಗೆ ಅಯಸ್ಕಾಂತ ಇರುತ್ತದೆ. ಅದು ಸುರುಳಿಯ ಸುತ್ತ ತಿರುಗಿದರೆ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದು ಇದನ್ನೇ. ಪಿಸ್ಟನ್ ಮೇಲಕ್ಕೆ ಬರುವ ಹೊತ್ತಿಗೆ ಪಾಯಿಂಟ್ ಬಿಚ್ಚಿಕೊಂಡು ಆ ಕರೆಂಟು ಫಟ್ಟನೆ ನಿಲ್ಲುತ್ತದೆ. ಆಗ ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಟೂ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ 4000 ಕಿಡಿ! ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 66ಕ್ಕೂ ಹೆಚ್ಚು.

ನಮ್ಮ ದೊಡ್ಡಪ್ಪ ದಿನಾ ಗಾಡಿ ಮೇಲೆ ಹಾಲಿನ ಕ್ಯಾನು ಒಯ್ಯುತ್ತಾರೆ. ಬೇಸಿಗೆಯಲ್ಲಿ ಐದಾರು ಕಿಲೋಮೀಟರ್ ಹೋದ ಮೇಲೆ ಗಾಡಿ ನಿಲ್ಲುತ್ತಿತ್ತು. ಅರ್ಧ ಗಂಟೆ ನೆರಳಲ್ಲಿ ಬಿಟ್ಟರೆ ತಾನೇ ಸ್ಟಾರ್ಟ್! ಅಷ್ಟರಲ್ಲಿ ಎರಡು ಸಲ ಹಾಲು ಕೆಟ್ಟಿತು. ಮೂರು ಹೊಸ ಪ್ಲಗ್ ಹಾಕಿಸಿದರೂ ಅದೇ ಕಥೆ.

ಕೊನೆಗೆ ಒಬ್ಬ ಮೆಕ್ಯಾನಿಕ್ ಅಣ್ಣ ಹೇಳಿದ, "ದೊಡ್ಡಪ್ಪಾ, ತಣ್ಣಗಿದ್ದಾಗ ನೋಡಿದ್ರ ಏನೂ ತಿಳಿಯಂಗಿಲ್ಲ. ಬಿಸಿ ಆಗಿ ನಿಂತಾಗ ನೋಡಬೇಕ್ರಿ." ಗಾಡಿ ನಿಂತ ಕೂಡಲೇ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟೆ ಹಿಡಿದು ಪ್ಲಗ್ ಬಿಚ್ಚಿದ. ಪ್ಲಗ್ಗು ಒದ್ದೆ ಇತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಕಾರ್ಬೊರೇಟರ್ ಕಡೆ ನೋಡಬೇಕು. ಪ್ಲಗ್ ಒರೆಸಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ಪೆಡಲ್ ತುಳಿಸಿದ. ಗಟ್ಟಿ ನೀಲಿ ಕಿಡಿ ಬರಬೇಕಿತ್ತು. ಬಂದದ್ದು ಸಣ್ಣ ಕೆಂಪು ಕಿಡಿ, ಅದೂ ಒಮ್ಮೊಮ್ಮೆ.

ಇಲ್ಲಿ ಒಂದು ಮಾತು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ. ಕಿಡಿಯನ್ನು ಆ ತೂತಿನ ಹತ್ತಿರ ಹಿಡಿದರೆ ಬೆಂಕಿ ಹತ್ತುತ್ತದೆ. ಪ್ಲಗ್ಗನ್ನು ದೂರ ಇಡಬೇಕು, ಕೈಯಿಂದ ಹಿಡಿಯಲೂಬಾರದು, ಶಾಕ್ ಹೊಡೆಯುತ್ತದೆ. ದೊಡ್ಡವರು ಇಲ್ಲದೆ ನಾವು ಹುಡುಗರು ಇದನ್ನು ಮಾಡುವುದು ಬೇಡ.

ಆಮೇಲೆ ಸ್ವಿಚ್ಚಿನ ವೈರ್ ಬಿಡಿಸಿ ನೋಡಿದ. ಆ ವೈರು ಸವೆದು ಕಬ್ಬಿಣಕ್ಕೆ ತಾಗಿದರೂ ಕಿಡಿ ಹೋಗುತ್ತದಂತೆ. ಅದು ಸರಿ ಇತ್ತು. ಪಾಯಿಂಟ್ ನೋಡಿದರೆ ಸುಟ್ಟು ಕಪ್ಪಾಗಿ ಗುಂಡಿ ಬಿದ್ದಿತ್ತು. ಪಾಯಿಂಟ್ ಬಿಚ್ಚುವಾಗ ಅಲ್ಲಿ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್. ಅದು ಹಳೆಯದಾಗಿ ಬಿಸಿಗೆ ಸೋರುತ್ತಿತ್ತು, ತಣ್ಣಗಾದರೆ ಸರಿಯಾಗುತ್ತಿತ್ತು. ಕಾಯಿಲ್ ಕೆಟ್ಟರೂ ಹೀಗೇ ಆಗುತ್ತದೆ. ಆದರೆ ಕಾಯಿಲಿಗೆ ರೇಟು ಜಾಸ್ತಿ, ಆದ್ದರಿಂದ ಮೊದಲು ಕಂಡೆನ್ಸರ್ ಬದಲಿಸಿ ನೋಡುವುದೇ ಜಾಣತನ. ಪಾಯಿಂಟನ್ನು ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿ, ಗ್ಯಾಪ್ ಸರಿಮಾಡಿ, ಹೊಸ ಕಂಡೆನ್ಸರ್ ಹಾಕಿದ. ಕಿಡಿ ನೀಲಿಯಾಯಿತು.

ಹೊಸ ಗಾಡಿಗಳಲ್ಲಿ ಪಾಯಿಂಟ್ ಇರುವುದಿಲ್ಲ, ಅದರ ಕೆಲಸ ಎಲೆಕ್ಟ್ರಾನಿಕ್ ಡಬ್ಬಿ ಮಾಡುತ್ತದೆ. ಅದನ್ನು ಉಜ್ಜಿ ಸರಿಮಾಡಲು ಬರುವುದಿಲ್ಲ, ಬದಲಿಸಲೇಬೇಕು. ಬಿಚ್ಚಿದ ಹಳೇ ಪಾಯಿಂಟ್, ಕಂಡೆನ್ಸರ್ ಯಾರಾದರೂ ತಂದುಕೊಟ್ಟರೆ ವಿಜ್ಞಾನದ ಸರ್ ಕ್ಲಾಸಿನಲ್ಲಿ ತೋರಿಸುತ್ತೇನೆ ಅಂದಿದ್ದಾರೆ.