ಕಲಂ 20 ಮತ್ತು 27ರ ನಡುವೆ

ಹುಡುಗನೊಬ್ಬನ ಜೇಬಿನಲ್ಲಿ ಇಪ್ಪತ್ತು ಗ್ರಾಂ ಗಾಂಜಾ ಸಿಕ್ಕಿತು ಅನ್ನಿ. ಎಫ್‌ಐಆರ್‌ನಲ್ಲಿ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಬಿದ್ದರೆ ಅದು ಸೇವನೆಯ ಪ್ರಕರಣ. ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಪೊಟ್ಟಣಕ್ಕೆ 20ನೇ ಕಲಂ ಹಚ್ಚಿದರೆ ಮಾಲು ಇಟ್ಟುಕೊಂಡ ಅಪರಾಧ, ಒಂದು ವರ್ಷದವರೆಗೆ ಕಠಿಣ ಸಜೆ. ಇನ್ನೊಂದು ದೊಡ್ಡ ವ್ಯತ್ಯಾಸ 33ನೇ ಕಲಮಿನಲ್ಲಿ ಅಡಗಿದೆ. 27ರಲ್ಲಿ ತಪ್ಪಿತಸ್ಥನಾದವನನ್ನು ನ್ಯಾಯಾಧೀಶರು ಪ್ರೊಬೇಷನ್ ಮೇಲೆ ಮನೆಗೆ ಕಳಿಸಬಹುದು. 20ರಲ್ಲಿ, ಅವನಿಗೆ ಹದಿನೆಂಟು ತುಂಬಿದ್ದರೆ, ಆ ದಾರಿಯೇ ಇಲ್ಲ. ಯಾವ ಅಂಕಿ ಬೀಳಬೇಕೆಂಬುದು ಬಹುಮಟ್ಟಿಗೆ ಆ ರಾತ್ರಿ ಠಾಣೆಯಲ್ಲಿ ಬರೆಯುವವರ ಕೈಯಲ್ಲಿರುತ್ತದೆ. ಆ ಅಂಕಿಯ ತೂಕ ಹುಡುಗನಿಗೆ ಗೊತ್ತಿರುವುದಿಲ್ಲ, ಅವನ ಅವ್ವನಿಗಂತೂ ಮೊದಲೇ ಇಲ್ಲ.

ಗಾಂಜಾ ಕಾನೂನು ಬದಲಾಗಬೇಕೆಂಬ ಕೆಲಸಕ್ಕೆ ನಾನು ಬಂದದ್ದು ಈ ಬಾಗಿಲಿನಿಂದ. ಧಾರವಾಡದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಸ್ವಯಂಸೇವಕಿಯಾಗಿದ್ದೆ. ಸರ್ಕಾರಿ ಭಾಷೆಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ವಿಚಾರಣಾಧೀನ ಕೈದಿಗಳ ಹತ್ತಿರ ಕೂತು ಅರ್ಜಿ ಬರೆದುಕೊಡುವುದು, ಅವರ ಮನೆಗೆ ಸುದ್ದಿ ಮುಟ್ಟಿಸುವುದು, ವಕೀಲರಿಲ್ಲದವರಿಗೆ ವಕೀಲರನ್ನು ಗೊತ್ತುಮಾಡುವುದು ನಮ್ಮ ಕೆಲಸ. ಗಾಂಜಾ ಕೇಸಿನಲ್ಲಿ ಒಳಗಿದ್ದವರೆಂದರೆ ಹಮಾಲಿಗಳು, ಗ್ಯಾರೇಜಿನ ಹುಡುಗರು, ಮದುವೆ ಅಡುಗೆಗೆ ಹೋಗುವವರು. ಕಾಲೇಜು ಹುಡುಗರೂ ಬರುತ್ತಿದ್ದರು, ಆದರೆ ಅವರು ಬೇಗ ಹೊರಗೆ ಹೋಗುತ್ತಿದ್ದರು. ಜಾಮೀನಿನ ಆದೇಶ ಆದ ಮೇಲೂ ಕೆಲವರು ಒಳಗೇ ಉಳಿಯುತ್ತಿದ್ದರು. ಶೂರಿಟಿ ನಿಲ್ಲುವವರಿಗೆ ಹೊಲದ ಉತಾರ ಬೇಕು; ಹೊಲವೇ ಇಲ್ಲದ ಬಳಗದಲ್ಲಿ ಉತಾರ ಎಲ್ಲಿಂದ ಬರಬೇಕು?

ನ್ಯಾಯಾಲಯದ ಹೊರಗಿನ ಕಟ್ಟೆಯ ಮೇಲೆ ಒಬ್ಬ ತಾಯಿ ನನಗೆ ಹೇಳಿದ್ದರು. "ಅಕ್ಕಾರ, ಅಂವ ಸೇದತಿದ್ದ ಅನ್ನೋದು ಖರೇನ. ಸುಳ್ಳ ಯಾಕ ಹೇಳ್ಲಿ. ಆದ್ರ ಮಾರೋ ಮಂದಿ ಅಲ್ರೀ ನಾವು. ಸೇದಿದ್ದಕ್ಕ ದವಾಖಾನಿ ತೋರಸ್ರಿ, ಜೈಲ್ ಯಾಕ ತೋರಸ್ತೀರಿ?" ಈ ಪ್ರಶ್ನೆಗಿಂತ ಸ್ಪಷ್ಟವಾಗಿ ಇಡೀ ಸುಧಾರಣೆಯ ವಾದವನ್ನು ಮಂಡಿಸಿದ ಭಾಷಣವನ್ನು ನಾನು ಇನ್ನೂ ಕೇಳಿಲ್ಲ.

ಆಮೇಲೆ ನಾವೊಂದಿಷ್ಟು ಜನ ಸೇರಿದೆವು. ಇಬ್ಬರು ಕಿರಿಯ ವಕೀಲರು, ಮನೋರೋಗ ವಿಭಾಗದಲ್ಲಿ ದುಡಿದು ನಿವೃತ್ತರಾದ ಒಬ್ಬ ನರ್ಸ್, ಒಬ್ಬ ಹೈಸ್ಕೂಲ್ ಮಾಸ್ತರು, ಕೇಸು ಮುಗಿದ ಹುಡುಗರ ಮನೆಯವರು. ಮೊದಲು ಮಾಡಿದ್ದು ಕಾಯ್ದೆಯನ್ನು ಗಟ್ಟಿಯಾಗಿ ಓದಿದ್ದು, ಸಾಲು ಸಾಲಾಗಿ, ಅರ್ಥ ಬಿಡಿಸುತ್ತ. ಈ ಕ್ಷೇತ್ರಕ್ಕೆ ಬರಬೇಕೆನ್ನುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಪರವಾಗಿ ಮಾತಾಡುವವರಲ್ಲೂ ವಿರೋಧಿಸುವವರಲ್ಲೂ ಓದಿದವರು ಬಹಳ ಕಡಿಮೆ.

ಓದಿದರೆ ಏನು ಸಿಗುತ್ತದೆ ನೋಡಿ. 1985ರ ಈ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬೀಜ, ಎಲೆ ಆ ವ್ಯಾಖ್ಯೆಯಿಂದ ಹೊರಗೆ. ಆದ್ದರಿಂದಲೇ ಎಲೆಯಿಂದ ಮಾಡುವ ಭಂಗಿ ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿ ಪರವಾನಗಿ ಅಂಗಡಿಯಲ್ಲಿ ಮಾರಾಟವಾಗುತ್ತದೆ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಆದೇಶದಲ್ಲಿ ಭಂಗಿ ಈ ಕಾಯ್ದೆಯಡಿ ನಿಷೇಧಿತ ಪದಾರ್ಥವೆಂದು ಹೇಳಲಾಗದು ಎಂದಿತು. ಇದು ಬರೀ ವಕೀಲರ ಜಾಣತನದ ಮಾತಲ್ಲ. ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಬೆಳೆಸಿದ ರೈತನ ಹೊಲದಲ್ಲಿ ಬೇರು, ಕಾಂಡ, ಹಸಿ ಎಲೆ ಸಮೇತ ಕಿತ್ತು ತೂಗಿದರೆ ಕಿಲೋಗಟ್ಟಲೆ ಆಗುತ್ತದೆ. ಕಾನೂನು ಕೇಳುವುದು ಬರೀ ತುದಿಯ ತೂಕವನ್ನು. ಗಾಂಜಾದಲ್ಲಿ ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ ಸಜೆ, 37ನೇ ಕಲಮಿನ ಕಾರಣಕ್ಕೆ ಜಾಮೀನೂ ದುರ್ಲಭ. ತಕ್ಕಡಿಯಲ್ಲಿ ಏನು ಇಟ್ಟಿರಿ ಎಂಬ ಪ್ರಶ್ನೆ ಒಬ್ಬನ ಇಡೀ ಯೌವನದ ಪ್ರಶ್ನೆಯಾಗುತ್ತದೆ.

ಇನ್ನೊಂದು ಕಲಂ 64ಎ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋಗಿ ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ಇಲ್ಲ. ಎಷ್ಟೋ ತಾಯಂದಿರಿಗೆ ಈ ಸಾಲನ್ನು ಓದಿ ಹೇಳಿದಾಗ ಅವರು ನಂಬಲಿಲ್ಲ, ಪುಸ್ತಕ ತೋರಿಸಿ ಅಂದರು. ಕಾನೂನು ತೆರೆದಿಟ್ಟ ಬಾಗಿಲೊಂದು ಇದೆ, ಅದರತ್ತ ಕೈ ಮಾಡಿ ತೋರಿಸುವವರಿಲ್ಲ. ನಾವು ಕರಪತ್ರ ಅಚ್ಚು ಹಾಕಿಸಿದ್ದು ಇದೊಂದಕ್ಕೇ.

ಆದರೆ ಈ ಬಾಗಿಲಿನ ಕೊರತೆಯೂ ಕರಪತ್ರ ಹಂಚುವಾಗಲೇ ಕಂಡಿತು. ಕಾಯ್ದೆ ವ್ಯಸನಿ ಅನ್ನುವುದು ಆ ಪದಾರ್ಥಕ್ಕೆ ಅಂಟಿಕೊಂಡವನನ್ನು. ಯಾವಾಗಲೋ ಒಮ್ಮೆ ಗೆಳೆಯರ ಜೊತೆ ಸೇದಿದವನು ವ್ಯಸನಿಯಲ್ಲ, ಹಾಗಾಗಿ ಅವನಿಗೆ ಈ ರಕ್ಷಣೆ ಇಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಭಂಗಿಯೂ ಸೇರಿ ಗಾಂಜಾ ಬಗೆಯ ಪದಾರ್ಥ ಬಳಸಿದವರು ಸುಮಾರು 3.1 ಕೋಟಿ. ಅದರಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 72 ಲಕ್ಷ. ಅಂದರೆ ಬಹುಪಾಲು ಜನ ರೋಗಿಗಳಲ್ಲ. ಕಡಿಮೆ ಸೇದುವವನಿಗೆ ಶಿಕ್ಷೆ, ಹೆಚ್ಚು ಸೇದುವವನಿಗೆ ವಿನಾಯಿತಿ ಎಂಬ ಈ ತಿರುವುಮುರುವು ಕಣ್ಣಿಗೆ ಬಿದ್ದ ಮೇಲೆ ನಮ್ಮ ಬೇಡಿಕೆ ಖಚಿತವಾಯಿತು. ಸ್ವಂತ ಸೇವನೆಗೆ ಇಟ್ಟುಕೊಂಡ ಸಣ್ಣ ಪ್ರಮಾಣ ಅಪರಾಧವಾಗಬಾರದು. ಅಷ್ಟೇ. ಮಾರಾಟವನ್ನು ಮುಕ್ತಗೊಳಿಸಿ ಎಂದು ನಾವು ಕೇಳುತ್ತಿಲ್ಲ.

ಮೂತ್ರ ಪರೀಕ್ಷೆಯ ವಿಷಯಕ್ಕೆ ನರ್ಸ್ ಅಕ್ಕ ನಮ್ಮ ಕಣ್ಣು ತೆರೆಸಿದರು. ಗಾಂಜಾದ ಕುರುಹು ನಶೆ ಇಳಿದ ಮೇಲೂ ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ರಸ್ತೆ ಬದಿಯಲ್ಲಿ ನಿಂತವನನ್ನು ಅನುಮಾನದ ಮೇಲೆ ಆಸ್ಪತ್ರೆಗೆ ಒಯ್ದು, ಪರೀಕ್ಷೆ ಮಾಡಿಸಿ, 'ಸೇವನೆ ದೃಢಪಟ್ಟಿದೆ' ಎಂದು ಕೇಸು ದಾಖಲಿಸುವಾಗ ದೃಢಪಟ್ಟದ್ದು ಯಾವ ದಿನದ ಸೇವನೆ? ಈ ಪ್ರಶ್ನೆಯನ್ನು ವಕೀಲರ ಸಂಘದ ಒಂದು ಸಭೆಯಲ್ಲಿ ಕೇಳಿದಾಗ ಹಿರಿಯ ವಕೀಲರೊಬ್ಬರು ಪೆನ್ನು ತೆಗೆದು ಬರೆದುಕೊಂಡರು. ಅವರು ನಮ್ಮ ವಿರೋಧಿಗಳಾಗಿದ್ದರು, ಈಗಲೂ ಅರ್ಧ ವಿರೋಧಿಗಳೇ. ಆದರೆ ನಮ್ಮ ಹುಡುಗರ ಮೂರು ಕೇಸು ಉಚಿತವಾಗಿ ನಡೆಸಿಕೊಟ್ಟಿದ್ದಾರೆ.

ಮನವಿ ಯಾರಿಗೆ ಕೊಡಬೇಕು ಎಂಬುದು ಕೆಲಸಕ್ಕೆ ಇಳಿದವರಿಗೆ ಬೇಗ ತಿಳಿಯಬೇಕಾದ ಸಂಗತಿ. ಶಾಸಕರ ಮನೆ ಮುಂದೆ ನಿಂತರೆ ಕಾಯ್ದೆ ಬದಲಾಗದು. ಇದು ಸಂಸತ್ತಿನ ಕಾಯ್ದೆ. ಆರೋಗ್ಯ ಸಚಿವಾಲಯಕ್ಕೆ ಬರೆದರೂ ಕಡತ ಬೇರೆ ಕಡೆ ಹೋಗುತ್ತದೆ. ಇದನ್ನು ನೋಡಿಕೊಳ್ಳುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆ. 2021ರಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂದು ಸಲಹೆ ಕೊಟ್ಟದ್ದೂ ಆ ಇಲಾಖೆಗೇ. ಸರ್ಕಾರದ ಒಳಗೇ ನಮ್ಮ ಮಾತು ಆಡುವವರಿದ್ದಾರೆ ಎಂಬುದು ಸಣ್ಣ ಊರಿನಲ್ಲಿ ಒಂಟಿಯಾಗಿ ಕೆಲಸ ಮಾಡುವವರಿಗೆ ದೊಡ್ಡ ಬಲ. ಹಾಗಂತ ರಾಜ್ಯದ ಕೈಯಲ್ಲಿ ಏನೂ ಇಲ್ಲವೆಂದಲ್ಲ. ನಾರು, ಬೀಜಕ್ಕಾಗಿ ಬೆಳೆಯಲು ಕಾಯ್ದೆಯ 14ನೇ ಕಲಂ ಅವಕಾಶ ಕೊಡುತ್ತದೆ. ಉತ್ತರಾಖಂಡ 2018ರಲ್ಲೇ ಆ ದಾರಿ ಹಿಡಿಯಿತು. 64ಎ ಬಗ್ಗೆ ಪ್ರತಿ ಆರೋಪಿಗೆ ಠಾಣೆಯಲ್ಲೇ ತಿಳಿಸಬೇಕೆಂದು ಒಂದು ಸುತ್ತೋಲೆ ಹೊರಡಿಸಲು ರಾಜ್ಯಕ್ಕೆ ಯಾವ ಅಡ್ಡಿಯೂ ಇಲ್ಲ. ಶಾಸಕರ ಹತ್ತಿರ ನಾವು ಕೇಳುವುದು ಅದನ್ನು.

ಪರಂಪರೆಯ ವಾದ ನಮ್ಮ ಭಾಗದಲ್ಲಿ ಬಲು ಸುಲಭವಾಗಿ ಕೈಗೆ ಸಿಗುತ್ತದೆ. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಹೋಗುವುದು, ಅವಧೂತರು, ಆರೂಢರು ಚಿಲುಮೆ ಹಿಡಿದು ಕೂಡುವುದು ಇಲ್ಲಿ ಯಾರಿಗೂ ಹೊಸದಲ್ಲ. ಸಭೆಯಲ್ಲಿ ಈ ಮಾತು ತೆಗೆದರೆ ಗಂಡಸರು ತಲೆದೂಗುತ್ತಾರೆ. ಹೆಂಗಸರು ಸುಮ್ಮನಾಗುತ್ತಾರೆ. ನವಲಗುಂದದ ಕಡೆಯ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ಸಾಧುಗೋಳ ಮಾತ ಬ್ಯಾಡ್ರೀ, ನನ್ನ ಮಗನ ಮಾತ ಹೇಳ್ರಿ" ಅಂದರು. ಸಾಧುವಿಗೆ ಸಂಸಾರವಿಲ್ಲ, ನಾಳೆ ಕೆಲಸಕ್ಕೆ ಹೋಗುವ ಚಿಂತೆಯಿಲ್ಲ. ಆ ತಾಯಿಯ ಮನೆಯಲ್ಲಿ ಕಾಲೇಜು ಬಿಟ್ಟ ಮಗ ಕದ ಹಾಕಿಕೊಂಡು ಕೂತಿದ್ದ.

ಪರಂಪರೆಗಿಂತ ನಮಗೆ ಹೆಚ್ಚು ಉಪಯೋಗಕ್ಕೆ ಬಂದ ಹಳೆಯ ಸಂಗತಿ ಬೇರೆ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ ದೇಶವೆಲ್ಲ ತಿರುಗಿ 1,193 ಸಾಕ್ಷಿಗಳನ್ನು ವಿಚಾರಿಸಿತು. ಮಿತ ಬಳಕೆಯಿಂದ ಹೆಚ್ಚಿನವರಿಗೆ ಹಾನಿಯಿಲ್ಲ, ಅತಿ ಬಳಕೆ ಹಾನಿಕರ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹಿಡಿತದಲ್ಲಿಡಿ ಎಂದು ಆಯೋಗ ಹೇಳಿತು. ನಿಷೇಧದ ಬೀಜ ಬಿದ್ದದ್ದು 1961ರ ಅಂತರರಾಷ್ಟ್ರೀಯ ಒಪ್ಪಂದದಿಂದ. ಅದೇ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ಗಾಂಜಾವನ್ನು ತೆಗೆಯಲು 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಮತದಾನವಾದಾಗ 27 ದೇಶ ಪರ, 25 ವಿರೋಧ. ಭಾರತ ಪರವಾಗಿ ಮತ ಹಾಕಿತು. ಕಾಲೇಜುಗಳಲ್ಲಿ ಇದನ್ನು ಹೇಳಿದರೆ ಹುಡುಗರು ಮೊಬೈಲು ತೆಗೆದು ಹುಡುಕಿ ಖಾತ್ರಿ ಮಾಡಿಕೊಳ್ಳುತ್ತಾರೆ. ಹಾಗೆ ಖಾತ್ರಿ ಮಾಡಿಕೊಳ್ಳಬಲ್ಲ ಮಾತನ್ನಷ್ಟೇ ಆಡಬೇಕು. ಗಾಂಜಾ ಎಣ್ಣೆಯಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ಭಾಷಣ ಮಾಡಲು ಬಂದವರಿಗೆ ನಾವು ವೇದಿಕೆ ಕೊಡಲಿಲ್ಲ. ಮಕ್ಕಳ ಕೆಲವು ಅಪರೂಪದ ಅಪಸ್ಮಾರಗಳಿಗೆ ಈ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ಔಷಧಿಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ ಎಂಬುದು ನಿಜ. ನಿಜ ಅಷ್ಟಿದ್ದರೆ ಅಷ್ಟನ್ನೇ ಹೇಳಬೇಕು.

ಹಾನಿಯನ್ನೂ ಹಾಗೆಯೇ ಹೇಳಬೇಕು. ಹದಿಹರೆಯದಲ್ಲೇ ಶುರು ಮಾಡಿ ನಿತ್ಯ ಸೇದುವವರಲ್ಲಿ ಚಿತ್ತವಿಕಾರದ ಅಪಾಯ ಹೆಚ್ಚು ಎಂಬುದನ್ನು ವೈದ್ಯರು ಹೇಳುತ್ತಾರೆ, ನಮ್ಮ ನರ್ಸ್ ಅಕ್ಕ ವಾರ್ಡಿನಲ್ಲಿ ಕಂಡಿದ್ದಾರೆ. ಪ್ರತಿ ಸಭೆಯಲ್ಲೂ ಅವರೇ ಮೊದಲು ಮಾತಾಡಬೇಕೆಂದು ನಾವು ನಿಯಮ ಮಾಡಿಕೊಂಡೆವು. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ ಎಂದು ತಿಳಿದೂ ಮಗನನ್ನು ಕರೆದೊಯ್ಯಲು ಮನೆಯವರು ಹೆದರುತ್ತಾರೆ, ಚೀಟಿ ಪೊಲೀಸರ ಕೈ ಸೇರೀತು ಎಂದು. ಜೈಲಿನ ಭಯ ಸೇದುವುದನ್ನು ನಿಲ್ಲಿಸಿದ್ದನ್ನು ನಾನು ಹೆಚ್ಚು ಕಂಡಿಲ್ಲ. ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ್ದನ್ನು ಕಂಡಿದ್ದೇನೆ.

ಇನ್ನೆರಡು ನಿಯಮಗಳಿವೆ. ಕೇಸು ಬಾಕಿ ಇರುವ ಯಾರನ್ನೂ ಮೈಕಿನ ಮುಂದೆ ನಿಲ್ಲಿಸುವುದಿಲ್ಲ, ಅವರ ಫೋಟೋ ತೆಗೆಯಲು ಬಿಡುವುದಿಲ್ಲ. ಅವರು ಆಡಿದ ಒಂದು ಮಾತು ನಾಳೆ ಸರ್ಕಾರಿ ವಕೀಲರ ಬಾಯಲ್ಲಿರುತ್ತದೆ. ಎಲೆಯ ಚಿತ್ರವಿರುವ ಅಂಗಿ, ಬ್ಯಾನರು ನಮ್ಮ ಸಭೆಗೆ ಬೇಡ. ಕೆಲವು ಹುಡುಗರಿಗೆ ಇದರಿಂದ ಬೇಸರವಾಯಿತು, ಬಿಟ್ಟುಹೋದರು. ಬರುವ ತಾಯಂದಿರ ಸಂಖ್ಯೆ ಹೆಚ್ಚಿತು.

ಸಂಸದರ ಮೂಲಕ ಕಂದಾಯ ಇಲಾಖೆಗೆ ಕಳಿಸುವ ಮನವಿಯ ಕರಡನ್ನು ಓದಿದಾಗ ನವಲಗುಂದ ಕಡೆಯ ಆ ತಾಯಿಯೂ ಬಂದಿದ್ದರು. ಅವರು ಈಗಲೂ ಗಾಂಜಾವನ್ನು ಬೇರುಸಹಿತ ಕೀಳಬೇಕು ಅನ್ನುವವರೇ. ಪೂರ್ತಿ ಕೇಳಿ, ಹುಡುಗರಿಗೆ ಮಾರುವವರ ಬಗ್ಗೆ ಇದರಲ್ಲಿ ಯಾಕೆ ಏನೂ ಇಲ್ಲ ಎಂದು ಕೇಳಿದರು. ಅಲ್ಲಿಯೇ ಕೂತು ಹೊಸ ಸಾಲು ಬರೆದೆವು: ಹದಿನೆಂಟರ ಒಳಗಿನವರಿಗೆ ಮಾರುವುದು ಈಗಿನಂತೆಯೇ ಗಂಭೀರ ಅಪರಾಧವಾಗಿ ಉಳಿಯಬೇಕು, ಸೇದುವ ಮಕ್ಕಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಪ್ತಸಲಹೆ ಸಿಗಬೇಕು. ಅದು ಈಗ ಮನವಿಯ ಮೊದಲ ಬೇಡಿಕೆ. ಸಣ್ಣ ಪ್ರಮಾಣದ್ದು ಎರಡನೆಯದು. ಅದರ ಕೆಳಗೆ ಆ ತಾಯಿಯ ಸಹಿಯೂ ಇದೆ.