ಗಾಡಿಯ ಬೆಲ್ಟು, ಅಕ್ಕನ ಲೆಕ್ಕ

ಶಿವಮೊಗ್ಗದ ಕೋಟೆ ರಸ್ತೆ, ಗಾಂಧಿ ಬಜಾರು, ಬಸ್ ನಿಲ್ದಾಣ. ಭದ್ರಾವತಿಯ ಹಳೇನಗರ, ನ್ಯೂಟೌನ್. ಎಲ್ಲಿ ಹೋದರೂ ಬಾಡಿಗೆ ಗಾಡಿಗಳು ಕಾಣುತ್ತವೆ. ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ ಜನ ಗಾಡಿ ಮಾಡಿಕೊಂಡು ಹೋಗುತ್ತಾರೆ. ಎಷ್ಟೋ ಮನೆಗಳಿಗೆ ಗಾಡಿಯೇ ಅನ್ನ ಹಾಕುತ್ತದೆ.

ಸಾಲ ಮಾಡಿ ಗಾಡಿ ತಂದಿರುತ್ತಾರೆ. ಗಂಡ ಓಡಿಸುತ್ತಾನೆ, ಇಲ್ಲವೇ ಮಗ ಓಡಿಸುತ್ತಾನೆ. ಕೆಲವು ಅಕ್ಕಂದಿರು ತಾವೇ ಓಡಿಸುತ್ತಾರೆ. ಯಾರೇ ಓಡಿಸಲಿ, ಕಂತು ಕಟ್ಟುವ ಚಿಂತೆ ಮನೆಯ ಹೆಂಗಸಿನದು. ಗಾಡಿ ಒಂದು ತಿಂಗಳು ನಿಂತರೆ ಕಂತು ನಿಲ್ಲುತ್ತೆ. ಮಕ್ಕಳ ಫೀಸು ನಿಲ್ಲುತ್ತೆ.

ಹೀಗೆ ಗಾಡಿಯನ್ನು ನಿಲ್ಲಿಸಿಬಿಡುವ ಒಂದು ಸಣ್ಣ ವಸ್ತು ಎಂಜಿನ್ನಿನಲ್ಲಿದೆ. ಅದೊಂದು ರಬ್ಬರಿನ ಪಟ್ಟಿ. ಹೆಸರು ಟೈಮಿಂಗ್ ಬೆಲ್ಟು. ಅದನ್ನು ಹೊಸದಾಗಿ ಹಾಕಿಸಲು ಆಗುವ ಖರ್ಚು ಸ್ವಲ್ಪ. ಅದು ಹರಿದು ಎಂಜಿನ್ ಕೆಟ್ಟರೆ ಆಗುವ ಖರ್ಚು ಅದರ ಎಷ್ಟೋ ಪಟ್ಟು.

"ಇದು ಗಂಡಸರ ವಿಷಯ, ನಮಗೇಕೆ?" ಅಂತೀರಾ? ಸ್ವಲ್ಪ ತಾಳಿ. ಈ ಬೆಲ್ಟನ್ನು ಕಾಯಲು ಪಾನಾ, ಸುತ್ತಿಗೆ ಬೇಡ. ಓದು, ಬರಹ, ಕೂಡುವ ಮತ್ತು ಕಳೆಯುವ ಲೆಕ್ಕ ಸಾಕು. ಅದು ಈಗ ನಿಮಗೆ ಬರುತ್ತೆ.

ಬೆಲ್ಟು ಮಾಡುವ ಕೆಲಸ

ಒರಳಿನಲ್ಲಿ ಅವಲಕ್ಕಿ ಕುಟ್ಟುವುದನ್ನು ನೆನೆಸಿಕೊಳ್ಳಿ. ಒಬ್ಬಳು ಒನಕೆ ಎತ್ತಿ ಹಾಕುತ್ತಾಳೆ. ಇನ್ನೊಬ್ಬಳು ಒನಕೆ ಮೇಲೆ ಹೋದಾಗ ಕೈ ಹಾಕಿ ಅವಲಕ್ಕಿ ತಿರುವುತ್ತಾಳೆ. ಒನಕೆ ಇಳಿಯುವ ಮೊದಲೇ ಕೈ ತೆಗೆಯುತ್ತಾಳೆ. ಇಬ್ಬರಿಗೂ ಒಂದೇ ತಾಳ. ತಾಳ ತಪ್ಪಿದರೆ ಕೈ ಜಜ್ಜಿಹೋಗುತ್ತೆ.

ಎಂಜಿನ್ನಿನ ಒಳಗೂ ಹೀಗೇ. ಅಲ್ಲಿ ಪಿಸ್ಟನ್ ಎಂಬುದು ಒನಕೆಯಂತೆ ಮೇಲೆ ಕೆಳಗೆ ಆಡುತ್ತದೆ. ಅದರ ಮೇಲ್ಗಡೆ ವಾಲ್ವ್ ಎಂಬ ಸಣ್ಣ ಬಾಗಿಲುಗಳಿವೆ. ಒಂದು ಬಾಗಿಲು ತೆರೆದು ಗಾಳಿ ಒಳಗೆ ಬಿಡುತ್ತೆ. ಇನ್ನೊಂದು ತೆರೆದು ಹೊಗೆ ಹೊರಗೆ ಬಿಡುತ್ತೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಬಾಗಿಲು ದಾರಿ ಬಿಟ್ಟಿರಬೇಕು.

ಕೆಳಗಿನ ಪಿಸ್ಟನ್ನಿಗೂ ಮೇಲಿನ ಬಾಗಿಲಿಗೂ ಒಂದೇ ತಾಳ ಹಾಕಿಸುವುದು ಟೈಮಿಂಗ್ ಬೆಲ್ಟು. ಕೆಳಗಿನ ಚಕ್ರ ಎರಡು ಸುತ್ತು ಸುತ್ತಿದರೆ ಮೇಲಿನ ಚಕ್ರ ಸರಿಯಾಗಿ ಒಂದು ಸುತ್ತು ಸುತ್ತಬೇಕು. ಬೆಲ್ಟು ಒಂದು ಹಲ್ಲು ಜಾರಿದರೂ ತಾಳ ಕೆಡುತ್ತೆ. ಬೆಲ್ಟು ಹರಿದರೆ ಬಾಗಿಲುಗಳು ಇದ್ದಲ್ಲೇ ನಿಲ್ಲುತ್ತವೆ. ಪಿಸ್ಟನ್ ಮಾತ್ರ ಓಡುವ ರಭಸದಲ್ಲಿ ಮೇಲೆ ಬರುತ್ತೆ. ಬಹಳ ಎಂಜಿನ್ನುಗಳಲ್ಲಿ ಆಗ ವಾಲ್ವ್ ಬಾಗಿಹೋಗುತ್ತೆ. ಪಿಸ್ಟನ್ನಿಗೂ ಪೆಟ್ಟಾಗಬಹುದು.

ಹೊಲಿಗೆ ಯಂತ್ರದ ನಂಟು

ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಕ್ಕೂ ಬೆಲ್ಟು ಇದೆ. ಅದಕ್ಕೆ ಹಲ್ಲಿಲ್ಲ. ಸಡಿಲಾದರೆ ಜಾರುತ್ತೆ. ಹರಿದರೆ ತುಂಡು ಮಾಡಿ ಪಿನ್ನು ಹಾಕಿ ಜೋಡಿಸುತ್ತೇವೆ. ಟೈಮಿಂಗ್ ಬೆಲ್ಟು ಹಾಗಲ್ಲ. ಅದರ ಒಳಮೈಗೆ ಹಲ್ಲುಗಳಿವೆ. ಚಕ್ರದ ಹಲ್ಲನ್ನು ಅವು ಕಚ್ಚಿ ಹಿಡಿಯುತ್ತವೆ. ಅದನ್ನು ಹೊಲಿದು, ಜೋಡಿಸಿ ಬಳಸಲು ಬರುವುದಿಲ್ಲ.

ಒಂದು ಸೋಜಿಗ ಗೊತ್ತೇ? ಇಂಥ ಹಲ್ಲಿನ ಬೆಲ್ಟು ಅಮೆರಿಕದಲ್ಲಿ 1940ರ ದಶಕದಲ್ಲಿ ಬಂತು. ಅದನ್ನು ಮೊದಲು ಮಾಡಿದ್ದು ಹೊಲಿಗೆ ಯಂತ್ರಕ್ಕಾಗಿ. 1962ರಲ್ಲಿ ಜರ್ಮನಿಯ ಗ್ಲಾಸ್ ಎಂಬ ಕಂಪನಿಯ ಕಾರಿಗೆ ಅದು ಬಂತು.

ನಮ್ಮ ದೇಶದಲ್ಲಿ 1983ರ ಕೊನೆಗೆ ಮಾರುತಿ 800 ಕಾರು ಬಂತು. ಅದರಲ್ಲಿ ಟೈಮಿಂಗ್ ಬೆಲ್ಟು ಇತ್ತು. ಮಾರುತಿ ಓಮ್ನಿಯಲ್ಲೂ ಇತ್ತು. ಮಾರುತಿ 800 ತಯಾರಿಕೆ 2014ರಲ್ಲಿ, ಓಮ್ನಿ ತಯಾರಿಕೆ 2019ರಲ್ಲಿ ನಿಂತಿತು. ಆದರೆ ಹಳೆಯ ಗಾಡಿಗಳು ಮಲೆನಾಡಿನಲ್ಲಿ ಈಗಲೂ ಓಡುತ್ತಿವೆ. ಟೊಯೋಟಾ ಕ್ವಾಲಿಸ್, ಹಳೆಯ ಡೀಸೆಲ್ ಇನ್ನೋವಾ ಗಾಡಿಗಳಲ್ಲೂ ಬೆಲ್ಟು ಇದೆ. ಕೆಲವು ಗಾಡಿಗಳಲ್ಲಿ ಬೆಲ್ಟಿನ ಬದಲು ಕಬ್ಬಿಣದ ಚೈನು ಇರುತ್ತೆ. "ನಮ್ಮ ಗಾಡಿಗೆ ಬೆಲ್ಟಾ, ಚೈನಾ?" ಎಂದು ಮೆಕ್ಯಾನಿಕ್ ಹತ್ತಿರ ಕೇಳಿ. ಇದು ಮೊದಲ ಪ್ರಶ್ನೆ.

ಬೆಲ್ಟು ಹೇಳಿ ಹರಿಯುತ್ತದೆಯೇ?

ಬಹಳ ಸಲ ಹೇಳುವುದಿಲ್ಲ. ಬೆಳಿಗ್ಗೆ ಚೆನ್ನಾಗಿ ಓಡಿದ ಗಾಡಿ ಮಧ್ಯಾಹ್ನ ತಟ್ಟನೆ ನಿಲ್ಲುತ್ತೆ. ಬೆಲ್ಟು ಮುಚ್ಚಳದ ಒಳಗೆ ಇರುತ್ತೆ. ಬಾನೆಟ್ ಎತ್ತಿದರೆ ಕಾಣುವ ಫ್ಯಾನ್ ಬೆಲ್ಟು ಬೇರೆ, ಇದು ಬೇರೆ.

ಆದರೂ ಕೆಲವು ಸಲ ಸೂಚನೆ ಸಿಗುತ್ತೆ.

1. ಎಂಜಿನ್ನಿನ ಬೆಲ್ಟಿನ ಕಡೆಯಿಂದ ಕಿರ್ ಎಂದೋ, ಟಕ ಟಕ ಎಂದೋ ಹೊಸ ಸದ್ದು ಬರುವುದು.
2. ಮುಚ್ಚಳದ ಹತ್ತಿರ ಆಯಿಲ್ ಅಥವಾ ನೀರು ಸೋರುವುದು. ಆಯಿಲ್ ತಾಗಿದರೆ ಬೆಲ್ಟಿನ ರಬ್ಬರು ಮೆತ್ತಗಾಗಿ ಕೆಡುತ್ತೆ.
3. ಎಂಜಿನ್ ನಡುಗುವುದು, ಸ್ಟಾರ್ಟ್ ಆಗಲು ತಡ ಮಾಡುವುದು, ಏರು ಹತ್ತಲು ಕಷ್ಟಪಡುವುದು.
4. ಮುಚ್ಚಳ ತೆಗೆದು ನೋಡಿದಾಗ ಬೆಲ್ಟಿನಲ್ಲಿ ಬಿರುಕು, ಉದುರಿದ ಹಲ್ಲು, ಎದ್ದ ನೂಲು ಕಾಣುವುದು.

ಬೇರೆ ಕಾರಣಕ್ಕೂ ಹೀಗೆ ಆಗಬಹುದು. ಆದರೆ ಇವನ್ನು ಕಂಡರೆ ಸುಮ್ಮನಿರಬೇಡಿ. ತೋರಿಸಿ.

ಸೂಚನೆಯೇ ಬರದಿದ್ದರೆ? ಆಗ ಕಾಪಾಡುವುದು ಬರೆದಿಟ್ಟ ಲೆಕ್ಕ ಮಾತ್ರ.

ಲೆಕ್ಕ ಬರೆಯುವ ಬಗೆ

ಗಾಡಿಯ ಜೊತೆ ಒಂದು ಪುಸ್ತಕ ಬಂದಿರುತ್ತೆ. ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬೆಲ್ಟು ಬದಲಿಸಬೇಕು ಎಂದು ಅದರಲ್ಲಿ ಇರುತ್ತೆ. ಕೆಲವಕ್ಕೆ 60,000 ಕಿ.ಮೀ., ಕೆಲವಕ್ಕೆ 1,00,000, ಇನ್ನು ಕೆಲವಕ್ಕೆ ಅದಕ್ಕೂ ಹೆಚ್ಚು. ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಓದುವ ಮಗಳನ್ನೋ ಮಗನನ್ನೋ ಕೇಳಿ. ಅಂಕಿ ಮಾತ್ರ ನೀವೇ ಬರೆದುಕೊಳ್ಳಿ.

ಒಂದು ಲೆಕ್ಕ ಮಾಡೋಣ. ಬೆಲ್ಟು ಹಾಕಿದ ದಿನ ಮೀಟರಿನಲ್ಲಿ 48,000 ಇತ್ತು ಎನ್ನಿ. 60,000 ಕಿ.ಮೀ.ಗೆ ಬದಲಿಸಿ ಎಂದು ಪುಸ್ತಕದಲ್ಲಿದೆ.

48,000 + 60,000 = 1,08,000

ಮೀಟರು 1,08,000 ಮುಟ್ಟುವ ಮೊದಲು ಹೊಸ ಬೆಲ್ಟು ಹಾಕಿಸಬೇಕು. ಇವತ್ತು ಮೀಟರು 1,02,500 ತೋರಿಸುತ್ತಿದೆ.

1,08,000 – 1,02,500 = 5,500

ಉಳಿದದ್ದು 5,500 ಕಿ.ಮೀ. ಶಿವಮೊಗ್ಗದಿಂದ ಆಗುಂಬೆಗೆ ಹೋಗಿ ಬಂದರೆ ಸುಮಾರು 180 ಕಿ.ಮೀ. ಅಂದರೆ ಹೆಚ್ಚೆಂದರೆ 30 ಸಲ ಹೋಗಿ ಬರಬಹುದು. ಅಷ್ಟರೊಳಗೆ ದಿನಕ್ಕೆ ಇಷ್ಟು ಎಂದು ಎತ್ತಿಟ್ಟರೆ ಬೆಲ್ಟಿನ ದುಡ್ಡು ಕೂಡುತ್ತೆ. ಸಾಲ ಕೇಳುವ ಕೆಲಸವಿಲ್ಲ.

ಗಾಡಿ ಕಡಿಮೆ ಓಡಿದರೂ ರಬ್ಬರು ಮುದಿಯಾಗುತ್ತೆ. ಆದ್ದರಿಂದ ತಾರೀಖನ್ನೂ ಬರೆಯಿರಿ. ಕಿಲೋಮೀಟರು, ವರ್ಷ, ಯಾವುದು ಮೊದಲು ತುಂಬಿದರೂ ಬೆಲ್ಟು ಬದಲಿಸಿ.

ಸೆಕೆಂಡ್ ಹ್ಯಾಂಡ್ ಗಾಡಿ ತಂದಿದ್ದೀರಾ? ಹಳೆಯ ಬೆಲ್ಟು ಯಾವಾಗ ಹಾಕಿದ್ದೆಂದು ಬಿಲ್ಲು ಇಲ್ಲವೇ? ಬಾಯಿಮಾತು ನಂಬಿ ಓಡಿಸಬೇಡಿ. ಮೊದಲು ಹೊಸ ಬೆಲ್ಟು ಹಾಕಿಸಿ. ಅಂದಿನಿಂದ ನಿಮ್ಮ ಲೆಕ್ಕ ಶುರು.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇರಲಿ, ನಿಮ್ಮ ಬೀದಿಯ ಗ್ಯಾರೇಜು ಇರಲಿ. ಧೈರ್ಯವಾಗಿ ಹೋಗಿ ಕೇಳಿ.

* ಹೊಸ ಬೆಲ್ಟಿನ ಪೊಟ್ಟಣ ನೋಡಿ. ಅದು ನಮ್ಮ ಗಾಡಿಯ ನಂಬರಿನದೇ ಎಂದು ಕೇಳಿ.
* ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಶನರ್ ಬೇರಿಂಗ್ ತಿರುಗಿಸಿ ನೋಡಲು ಹೇಳಿ. ಸದ್ದು ಬಂದರೆ, ಸಡಿಲವಿದ್ದರೆ ಅದನ್ನೂ ಬದಲಿಸಿ. ಹೊಸ ಬೆಲ್ಟಿಗೆ ಹಳೆಯ ಬೇರಿಂಗ್ ಶತ್ರು.
* ಕೆಲವು ಎಂಜಿನ್ನಿನಲ್ಲಿ ನೀರಿನ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತೆ. ಪಂಪು ಸೋರುತ್ತಿದ್ದರೆ ಒಟ್ಟಿಗೇ ಮಾಡಿಸಿ. ಬಿಚ್ಚುವ ಕೂಲಿ ಎರಡು ಸಲ ಕೊಡುವುದು ಬೇಡ.
* ಮುಚ್ಚಳದ ಎಲ್ಲ ಬೋಲ್ಟು ಹಾಕಿಸಿ. ನಮ್ಮದು ಮಳೆ, ಕೆಸರಿನ ಸೀಮೆ. ಒಡೆದ ಮುಚ್ಚಳದಿಂದ ಕೆಸರು, ಕಲ್ಲು ಒಳಗೆ ಹೋಗುತ್ತೆ.
* ಎಂಜಿನ್ನನ್ನು ಡೀಸೆಲ್, ಸೀಮೆಎಣ್ಣೆ ಹಾಕಿ ತೊಳೆಯುವಾಗ ಬೆಲ್ಟಿಗೆ ತಾಗಬಾರದು.
* ಬಿಲ್ಲು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ತಾರೀಖು, ಕಿಲೋಮೀಟರು ಬರೆಸಿ.

ದಾರಿಯಲ್ಲಿ ಬೆಲ್ಟು ಹರಿದರೆ

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಕರಾವಳಿಯ ಆಸ್ಪತ್ರೆಗಳಿಗೆ ರೋಗಿಗಳನ್ನು ಕೂರಿಸಿಕೊಂಡು ನಮ್ಮ ಎಷ್ಟೋ ಗಾಡಿಗಳು ಅದೇ ದಾರಿಯಲ್ಲಿ ಇಳಿಯುತ್ತವೆ. ಅಂಥ ಕಡೆ ಎಂಜಿನ್ ತಟ್ಟನೆ ನಿಂತರೆ ಏನಾಗುತ್ತೆ? ಒಂದೆರಡು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಭಾರವಾಗುತ್ತೆ. ಹೆದರಬಾರದು. ಬ್ರೇಕು ಹೋಗಿರುವುದಿಲ್ಲ. ಬಲವಾಗಿ ಒತ್ತಿ ಹಿಡಿಯಬೇಕು. ಬಿಟ್ಟು ಬಿಟ್ಟು ಒತ್ತಬಾರದು. ಗಾಡಿಯನ್ನು ಎಡಬದಿಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಬೇಕು. ಚಕ್ರಕ್ಕೆ ಕಲ್ಲು ಕೊಡಬೇಕು. ಎಚ್ಚರಿಕೆಯ ದೀಪ ಹಾಕಬೇಕು. ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಲು ಮರೆಯಬಾರದು.

ಕೀಲಿ ತಿರುಗಿಸಿದರೆ ಎಂಜಿನ್ ಹಗುರವಾಗಿ, ಬೇಗ ಬೇಗ ತಿರುಗುತ್ತೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಹಾಗಿದ್ದರೆ ಬೆಲ್ಟು ಹರಿದಿರಬಹುದು. ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ಹಾಗೆ ಮಾಡಿದರೆ ಉಳಿದ ವಾಲ್ವುಗಳೂ ಬಾಗಬಹುದು. ಮೆಕ್ಯಾನಿಕ್‌ಗೆ ಫೋನು ಮಾಡಿ.

ನೆನಪಿಡಿ

ಟೈಮಿಂಗ್ ಬೆಲ್ಟು ಹರಿದ ಮೇಲೆ ಹಾಕಿಸುವ ವಸ್ತುವಲ್ಲ. ಹರಿಯುವ ಮೊದಲು ಬದಲಿಸುವ ವಸ್ತು. ನೋಡಲು ಚೆನ್ನಾಗಿದ್ದರೂ ಅವಧಿ ಮುಗಿದರೆ ಬದಲಿಸಿ. ಅವಧಿ ತಿಳಿಯಲು ಲೆಕ್ಕ ಬರೆದಿಡಿ.

ನೀವೇ ಮಾಡಿ

1. ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಮೀಟರು ಓದಿ. ಅಂಕಿಯನ್ನು ಬರೆಯಿರಿ.
2. ಆ ಗಾಡಿಗೆ ಬೆಲ್ಟೋ, ಚೈನೋ? ಕೇಳಿ ತಿಳಿದು ಬರೆಯಿರಿ.
3. ಬೆಲ್ಟು ಹಾಕಿದಾಗ ಮೀಟರು 35,000 ಇತ್ತು. 60,000 ಕಿ.ಮೀ.ಗೆ ಬದಲಿಸಬೇಕು. ಈಗ ಮೀಟರು 91,000. ಇನ್ನು ಎಷ್ಟು ಕಿ.ಮೀ. ಉಳಿದಿದೆ?
4. ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ದೊಡ್ಡದಾಗಿ ಬರೆಯಿರಿ: "ಬೆಲ್ಟು ಹಾಕಿದ ದಿನ, ಮೀಟರು, ಮುಂದಿನ ಬೆಲ್ಟು." ಗಾಡಿ ಓಡಿಸುವವರಿಗೆ ಓದಿ ಹೇಳಿ.